ನಾನು ಮುಟ್ಟದ ಎಡೆ

ಕೆಂಗೇರಿ ಉಪನಗರ
ಭಾನುವಾರ

ಚಂದ್ರಾ ಲೇಔಟಿನಲ್ಲಿರುವ ತಂಗಿ ಸೀತಾಗೆ, ಅಕ್ಕ ಮುನಿತಾಯಮ್ಮ ಮಾಡುವ ಆಶೀರ್ವಾದ.

ಮೆಟ್ರೋ ಹತ್ತಿದರೆ ಅರ್ಧ ಗಂಟೆಗೆ ನಿನ್ನ ಮನೆ. ಆದರೂ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ನನ್ನ ಮಗಳು ಸ್ಪಂದನ ಬಾಣಂತನಕ್ಕೆ ಹೆತ್ತವಳನ್ನು ಬಿಟ್ಟು ಚಿಕ್ಕಮ್ಮನಾದ ನಿನ್ನನ್ನು ವಿಯೆಟ್ನಾಮಿಗೆ ಕರೆದಿದ್ದಾಳೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಇದೆ, ಸ್ವಲ್ಪ ಇದೆ. ಅದನ್ನು ಪಕ್ಕಕ್ಕಿಟ್ಟು, ಒಮ್ಮೆ ಹೋಗಿಬಂದವಳಾಗಿ ನಾಲ್ಕು ಮಾತು ಹೇಳುತ್ತೇನೆ.

ವೀಸಾ ಇಲ್ಲಿಂದಲೇ ಕಂಪ್ಯೂಟರಿನಲ್ಲಿ ಮಾಡಿಸಿ, ಪ್ರಿಂಟ್ ತೆಗೆಸಿ ಕೈಯಲ್ಲಿಟ್ಟುಕೋ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅದರಲ್ಲೂ ಹಾಗೇ ಇರಲಿ. ದಾ ನಾಂಗ್‌ನಲ್ಲಿ ವಿಮಾನ ಇಳಿದರೆ ಅಳಿಯ ಮಿನ್ ಬಂದಿರುತ್ತಾನೆ. ಅಲ್ಲಿಂದ ಅವರ ಊರು ಹೊಯ್ ಆನ್‌ಗೆ ಮುಕ್ಕಾಲು ಗಂಟೆ. ರಸ್ತೆ ದಾಟುವಾಗ ಮಾತ್ರ ವಿಜಯನಗರದ ಮಾರ್ಕೆಟ್ಟಿನಲ್ಲಿ ಓಡುವ ಹಾಗೆ ಓಡಬೇಡ. ಬೈಕುಗಳು ನಿಲ್ಲುವುದಿಲ್ಲ, ನೀನೂ ನಿಲ್ಲದೆ ಒಂದೇ ಸಮನೆ ನಿಧಾನವಾಗಿ ನಡೆ, ಅವೇ ಸುತ್ತಿಕೊಂಡು ಹೋಗುತ್ತವೆ. ನಾನು ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತುಬಿಟ್ಟಿದ್ದೆ. ನನಗಿಂತ ಹತ್ತು ವರ್ಷ ದೊಡ್ಡ ಮುದುಕಿಯೊಬ್ಬಳು ಬಂದು ರಟ್ಟೆ ಹಿಡಿದು ದಾಟಿಸಿದಳು.

ಮೀನಿನ ರಸ ಎಲ್ಲದಕ್ಕೂ ಬೀಳುತ್ತದೆ. ನಿನ್ನ ಸೋಮವಾರ, ಶನಿವಾರಗಳಂದು ‘ಚಾಯ್’ ಎಂದು ಹೇಳು, ಅವರಲ್ಲಿ ಅದು ಟೀ ಅಲ್ಲ, ಸೊಪ್ಪು ತರಕಾರಿಯದೇ ಅಡುಗೆ ಕೊಡುತ್ತಾರೆ. ಮನೆಯೊಳಗೆ ಚಪ್ಪಲಿ ಹಾಕುವಂತಿಲ್ಲ. ಹಿರಿಯರಿಗೆ ಕೊಡುವಾಗ, ಅವರಿಂದ ತೆಗೆದುಕೊಳ್ಳುವಾಗ ಎರಡೂ ಕೈ ಬಳಸು. ಊಟದ ಕಡ್ಡಿಗಳನ್ನು ಅನ್ನಕ್ಕೆ ಚುಚ್ಚಿ ನಿಲ್ಲಿಸಬೇಡ. ಸತ್ತವರ ಮುಂದೆ ಹಚ್ಚಿದ ಊದುಬತ್ತಿಯ ಹಾಗೆ ಕಾಣುತ್ತದಂತೆ. ನೀನು ಹೋಗುವ ಅಕ್ಟೋಬರಿನಲ್ಲಿ ಅಲ್ಲಿ ಮಳೆ ಜೋರು, ಹೊಳೆ ನೀರು ಬೀದಿಗೇ ಬರುವುದುಂಟು. ಸೀರೆ ಕಡಿಮೆ ಮಾಡಿ ಬೇಗ ಒಣಗುವ ಬಟ್ಟೆ ತುಂಬಿಕೋ.

ದಾರಿಯಲ್ಲಿ ಗದ್ದೆಗಳು ಸಿಗುತ್ತವೆ. ಪೈರಿನ ನಡುವೆಯೇ ಸಮಾಧಿಗಳಿರುತ್ತವೆ, ಅವುಗಳ ಪಕ್ಕದಲ್ಲೇ ಎಮ್ಮೆ ಮೇಯುತ್ತಿರುತ್ತದೆ. ನಮ್ಮ ಮಾವನವರ ಸಮಾಧಿಯೂ ಹೊಲದಲ್ಲೇ ಇತ್ತಲ್ಲ, ಈಗ ಅದರ ಮೇಲೆ ಬಸ್ಸು ಓಡುತ್ತದೆ. ಕಾರಿನ ಕಿಟಕಿಯಿಂದ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸತ್ತವರನ್ನು ಇವರು ಎಷ್ಟು ಹತ್ತಿರ ಇಟ್ಟುಕೊಳ್ಳುತ್ತಾರೆ ಎಂಬುದು ಆಗಲೇ ನನ್ನ ತಲೆಗೆ ಹೋಗಬೇಕಿತ್ತು.

ಏನಾಯಿತೆಂದು ನಿನಗೂ ಹೇಳಿಲ್ಲ. ಅಲ್ಲಿ ಪ್ರತಿ ಮನೆಯಲ್ಲೂ ಹಿರಿಯರಿಗೆ ಒಂದು ಪೀಠ ಇರುತ್ತದೆ. ನಾನು ಹೋಗಿದ್ದಾಗ ಮಿನ್‌ನ ತಂದೆಯ ವರ್ಷದ ತಿಥಿ ಬಂತು, ಅವರ ಫೋಟೋ ಮುಂದೆ ಅನ್ನ, ಕೋಳಿ, ಹಣ್ಣು ಇಟ್ಟು ಊದುಬತ್ತಿ ಹಚ್ಚಿದ್ದರು. ಅದು ಉರಿದು ಮುಗಿದ ಮೇಲೆ ಎಲ್ಲರಿಗೂ ಊಟ. ಬೀಗಿತ್ತಿ ಲಾನ್ ಪೀಠದಿಂದ ಒಂದು ಬಟ್ಟಲು ಎತ್ತಿ, ತನ್ನ ಭಾವಂದಿರನ್ನೂ ಬಿಟ್ಟು, ಮೊದಲು ನನ್ನ ಮುಂದೆ ಎರಡೂ ಕೈಯಲ್ಲಿ ಹಿಡಿದಳು. ನಾನು ಎಡಗೈಯಲ್ಲಿ ತಳ್ಳಿದೆ. “ಬೇರೆ ಮನೆ ಸತ್ತೋರ್ ಎಡೆ ನಾವ್ ಮುಟ್ಟಲ್ಲ. ಹೇಳೇ ಅವಳಿಗೆ” ಅಂದೆ. ಸ್ಪಂದನ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೂತಿದ್ದ ನೆಂಟರೆಲ್ಲ ಕಡ್ಡಿ ಕೆಳಗಿಟ್ಟರು. ನಾನು ಮಹಡಿಯ ರೂಮಿಗೆ ಹೋಗಿ ಚಕ್ಕುಲಿ ಡಬ್ಬಿ ತೆಗೆದೆ.

ಸಂಜೆ ಸ್ಪಂದನ ಬಾಗಿಲಲ್ಲಿ ನಿಂತು ಹೇಳಿದಳು: “ಅಮ್ಮಾ, ಪೀಠದ ಮೇಲೆ ಎರಡು ಫೋಟೋ ಇತ್ತು. ನೀನು ತಲೆ ಎತ್ತಿ ನೋಡ್ಲೇ ಇಲ್ಲ. ನೀನು ತಳ್ಳಿದ್ದು ಅಪ್ಪನ ಎಡೆ.”

ನಿನ್ನ ಭಾವ ತೀರಿಕೊಂಡ ವರ್ಷ ಪಿತೃಪಕ್ಷಕ್ಕೆ ಅವಳು ಅಷ್ಟು ದೂರದಿಂದ ಬಂದಿದ್ದು ನೆನಪಿದೆಯಾ? “ನಾನೊಬ್ಳೇ ಅಲ್ವಾಮ್ಮಾ ಮಗಳು, ಎಡೆ ನಾನಿಡ್ತೀನಿ” ಅಂದಿದ್ದಳು. “ಕೊಟ್ಟ್ ಹೆಣ್ಣು ಎಡೆ ಇಡಂಗಿಲ್ಲ. ರುದ್ರೇಶ ಇಡ್ತಾನೆ, ನೀನು ವಡೆ ಕರಿ” ಅಂದು ಮೈದುನನ ಮಗನನ್ನು ಕರೆಸಿದೆ. ಅವಳು ಒಲೆಯ ಮುಂದಿನಿಂದ ಏಳಲೇ ಇಲ್ಲ. ಈ ವಿಷಯ ತಿಳಿದ ಲಾನ್, ನಿಮ್ಮ ತಂದೆ ನಮ್ಮವರ ಪಕ್ಕದಲ್ಲೇ ಕೂರಲಿ ಎಂದು ಫೋಟೋ ಇಡಿಸಿದ್ದಳು. ಭಾಷೆ ಬಾರದ ಹೆಂಗಸಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಸ್ಪಂದನ ಬಾಗಿಲಲ್ಲಿ ನಿಂತು ಹೇಳಿದ ಮೇಲಾದರೂ ನಾನು ಕೆಳಗಿಳಿದು ಲಾನ್ ಹತ್ತಿರ ಹೋಗಬೇಕಿತ್ತು. “ನನ್ ಕೇಳ್ದೆ ಯಾರೇ ಇಡಕ್ಕೇಳಿದ್ದು?” ಅಂದೆ. ಟಿಕೆಟ್ ಬದಲಿಸಿಕೊಂಡು ಮೂರು ದಿನ ಮೊದಲೇ ಬಂದುಬಿಟ್ಟೆ. ಅಂದಿನಿಂದ ಅವಳ ಫೋನಿಲ್ಲ. ಬಸುರಿ ಎಂದು ನಿನ್ನ ಬಾಯಿಂದ ಕೇಳಿದೆ. ಆ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಬಾಣಂತಿ ಖಾರ, ಮೆಂತ್ಯದ ಹಿಟ್ಟು, ಸೀಗೆಪುಡಿ ಕಟ್ಟಿ ಕಳಿಸುತ್ತಿದ್ದೇನೆ. ಅವರಲ್ಲೂ ಬಾಣಂತಿಯನ್ನು ಬೆಚ್ಚಗಿಡುತ್ತಾರೆ, ಶುಂಠಿ ಕೊಡುತ್ತಾರೆ. ಲಾನ್ ಮಾಡುವುದಕ್ಕೆ ಅಡ್ಡ ಬರಬೇಡ. ಪೀಠದಿಂದ ಏನು ಎತ್ತಿ ಕೊಟ್ಟರೂ ತಿನ್ನು.

ಚೀಲದ ತಳದಲ್ಲಿ ನಿನ್ನ ಭಾವನ ಜರಿ ಪಂಚೆ ಇದೆ, ಪ್ರತಿ ವರ್ಷ ಎಡೆಯ ಜೊತೆ ಇಡುವುದು. ಅದನ್ನು ಸ್ಪಂದನಳ ಕೈಗೆ ಕೊಟ್ಟು, ಇನ್ನು ಮೇಲೆ ಅಪ್ಪನ ಎಡೆ ಅವಳದು ಎಂದು ಹೇಳು. ರುದ್ರೇಶನಿಗೆ ತಿಳಿಸಿದ್ದೇನೆ. “ದೊಡ್ಡಮ್ಮಾ, ಜನ ಏನಂತಾರೆ?” ಅಂದ. “ಜನ ಬಂದು ವಡೆ ಕರೀತಾರೇನೋ?” ಅಂದೆ.

ನನ್ನ ಪರವಾಗಿ ಯಾರ ಹತ್ತಿರವೂ ಕ್ಷಮೆ ಕೇಳಬೇಡ. ಲಾನ್ ಹತ್ತಿರ ಅದನ್ನು ನಾನೇ ಕೇಳಬೇಕು, ಆದರೆ ಕರೆಯದೆ ಆ ಮನೆ ಮೆಟ್ಟಿಲು ಹತ್ತುವ ಮುಖ ನನಗಿಲ್ಲ. ಪಂಚೆ ತೆಗೆದುಕೊಂಡು ಸ್ಪಂದನ ಏನಾದರೂ ಅಂದರೆ ಅಂದದ್ದನ್ನು ಹಾಗೇ ತಿಳಿಸು. ಏನೂ ಅನ್ನದಿದ್ದರೆ, ಅಕ್ಕನಿಗೆ ಬೇಜಾರಾದೀತೆಂದು ಸುಳ್ಳು ಕಟ್ಟಬೇಡ. ಏನೂ ಅನ್ನಲಿಲ್ಲ ಎಂದೇ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ.

ತಾಯಿ ಮಗು ಇಬ್ಬರೂ ಸುಖವಾಗಿ ಬೇರೆಯಾಗಲಿ. ಹುಷಾರಾಗಿ ಹೋಗಿ ಬಾ.

ನಿನ್ನ ಅಕ್ಕ,
ಮುನಿತಾಯಮ್ಮ