ಜೇಡಕ್ಕೆ ಆರು ಕಾಲು

ಫೆಬ್ರವರಿ 3, ಬೆಳಿಗ್ಗೆ 5.40

ಪದ: ಉಲ್ಲಂಘನೆ. ಅರ್ಥ: ಮೀರುವುದು. ಸಂಗತಿ: ಸೂರ್ಯನ ಬೆಳಕು ಭೂಮಿ ಮುಟ್ಟಲು ಎಂಟು ನಿಮಿಷ ಚಿಲ್ಲರೆ. ಒಂದು ಮಹಡಿಯ ಮೆಟ್ಟಿಲು ಒರೆಸಲು ನನಗೆ ಹನ್ನೆರಡು. ಬೆಳಕಿಗೆ ಮಂಡಿನೋವಿಲ್ಲ.

ಪರೀಕ್ಷೆಯ ಗೈಡು ಸಿಕ್ಕಿತ್ತು, ಬೆನ್ನು ಮುರಿದದ್ದು. ಯಾರೋ ಗುಮಾಸ್ತರು ಕಸದಬುಟ್ಟಿಗೆ ಹಾಕಿದ್ದು. ನಾವು ಎಂಟು ಜನ ಸ್ವೀಪರ್‌ಗಳು, ಪುಸ್ತಕ ಒಂದು. ಎಂಟು ತುಂಡು ಮಾಡಿಕೊಂಡೆವು. ಅವರವರ ತುಂಡಿನಿಂದ ದಿನಕ್ಕೊಂದು ಪದ, ಒಂದು ಸಂಗತಿ. ಮೆಟ್ಟಿಲು ಒರೆಸುವಾಗ ಕೆಳಗಿನವಳು ಕೇಳಬೇಕು, ಮೇಲಿನವಳು ಹೇಳಬೇಕು. ಐದನೇ ಮಹಡಿ ಮುಗಿಯುವಷ್ಟರಲ್ಲಿ ಎಂಟೂ ಎಲ್ಲರ ಬಾಯಲ್ಲಿ.

ಇಪ್ಪತ್ತೈದಕ್ಕೆ ಇಲಾಖಾ ಪರೀಕ್ಷೆ. ಪಾಸಾದರೆ ದಾಖಲೆ ಕೋಣೆಯ ಸಹಾಯಕಿ. ಅಲ್ಲಿ ಕುರ್ಚಿ ಇದೆ. ನಲವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ನನಗೆ ನಲವತ್ನಾಲ್ಕು. ಇದೇ ಮೊದಲು, ಇದೇ ಕೊನೆ.

ಫೆಬ್ರವರಿ 8

ಪದ: ಪೂರ್ವಗ್ರಹ. ನೋಡುವ ಮೊದಲೇ ಮಾಡಿಕೊಂಡ ತೀರ್ಮಾನ. ವಾಕ್ಯದಲ್ಲಿ ಬಳಸಿ ಎಂದೆ. ಗುಡುಗು — ಅವಳ ಗಂಟಲಿಗೆ ನಾವಿಟ್ಟ ಹೆಸರು — ಬಕೆಟ್ ಕೆಳಗಿಟ್ಟು ಹೇಳಿದಳು: "ನಮ್ಮತ್ತೆ ನನ್ನ ಸಾರು ಬಾಯಿಗಿಡೋಕೆ ಮುಂಚೆನೇ ಉಪ್ಪು ಜಾಸ್ತಿ ಅಂತಾರೆ." ಇದಕ್ಕಿಂತ ಒಳ್ಳೆಯ ಉದಾಹರಣೆ ಗೈಡಿನಲ್ಲೂ ಇಲ್ಲ.

ಫೆಬ್ರವರಿ 12

ಮನಸ್ಸು ಸರಿಯಿಲ್ಲ. ನನ್ನ ತುಂಡಿನಲ್ಲಿ ಏಳನೇ ಮಾದರಿ ಪರೀಕ್ಷೆ ಇದೆ, ಹಿಂದಿನ ಹಾಳೆಯಲ್ಲಿ ಉತ್ತರ. ಜೇಡಕ್ಕೆ ಎಷ್ಟು ಕಾಲು? ಉತ್ತರ ಬಿ — ಆರು.

ಗುಡುಗು ತಕರಾರು ತೆಗೆದಳು. "ಅಲ್ಲ ಅಕ್ಕ, ಎಂಟು. ದಿನಾ ಬಲೆ ಹೊಡಿಯೋಳು ನಾನು. ಕಣ್ಣಿಗೆ ಹತ್ತಿರದಲ್ಲೇ ಒದ್ದಾಡ್ತಿರುತ್ತೆ, ಎಣಿಸಿದೀನಿ."

"ಅಚ್ಚು ಹಾಕಿಸಿದೋರಿಗಿಂತ ನಿನಗೆ ಜಾಸ್ತಿ ಗೊತ್ತಾ?"

"ಅವರು ಯಾವತ್ತು ಪೊರಕೆ ಹಿಡಿದಿದ್ರು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಕ್ಕ ಅಂತ ಕರೆಸಿಕೊಂಡ ಗತ್ತು. ಆರು, ಆರು, ಆರು ಎಂದು ಎಂಟೂ ಬಾಯಲ್ಲಿ ಹೇಳಿಸಿದೆ. ಮಿಕ್ಕ ಹತ್ತೊಂಬತ್ತು ಉತ್ತರವನ್ನೂ.

ಫೆಬ್ರವರಿ 25, ಸಂಜೆ

ಆಯಿತು. ಬೆಳಿಗ್ಗೆ ನಾವೇ ಗುಡಿಸಿದ ಹಾಲ್‌ನಲ್ಲಿ ಕೂತು ಬರೆದೆವು. ಗೈಡಿನ ಏಳನೇ ಪರೀಕ್ಷೆಯ ಪ್ರಶ್ನೆಗಳೇ ಹನ್ನೆರಡು ಬಂದಿದ್ದವು, ಇದ್ದ ಹಾಗೇ. ಜೇಡವೂ ಇತ್ತು. ಹಿಂದಿನ ಬೆಂಚಿನಿಂದ ಗುಡುಗಿನ ನಿಟ್ಟುಸಿರು ಕೇಳಿಸಿತು. ಮನೆಗೆ ಬಂದಾಗ ಮಗಳು ಹೇಗಾಯ್ತಮ್ಮ ಅಂದಳು. ಪರವಾಗಿಲ್ಲ ಅಂದೆ. ಕಾಲು ಚಾಚಿ ಮಲಗಿದೆ.

ಮಾರ್ಚ್ 14

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಆಡಳಿತಾಧಿಕಾರಿ ಎಂಟೂ ಜನರನ್ನು ಕರೆಸಿದರು. ನಿಲ್ಲಿಸಿಯೇ ಮಾತಾಡಿದರು. ಎಂಟೂ ಉತ್ತರಪತ್ರಿಕೆಯಲ್ಲಿ ಅದೇ ಹನ್ನೆರಡು ತಪ್ಪು. "ಒಂದು ಸರಿ ಉತ್ತರ ಎಂಟು ಜನಕ್ಕೆ ಗೊತ್ತಿರಬಹುದು ಕಣ್ರಮ್ಮ. ಒಂದೇ ತಪ್ಪು ಎಂಟು ಜನಕ್ಕೆ ಹೇಗೆ ಹೊಳಿಯುತ್ತೆ? ಕಾಪಿ." ಕಾಪಿ ಎಂದಾದರೆ ಪರೀಕ್ಷೆ ರದ್ದು, ಸೇವಾ ಪುಸ್ತಕದಲ್ಲಿ ಕೆಂಪು ಶಾಯಿ.

ಊಟದ ಹೊತ್ತಿನಲ್ಲಿ ಪೊರಕೆ ಕೋಣೆಯ ನೆಲದ ಮೇಲೆ ತುಂಡುಗಳನ್ನೆಲ್ಲ ಹರಡಿದೆ. ಏಳನೇ ಪರೀಕ್ಷೆಯ ಉತ್ತರದ ಹಾಳೆ ಇಲ್ಲ — ಕಸದಬುಟ್ಟಿಗೆ ಬೀಳುವ ಮೊದಲೇ ಉದುರಿತ್ತು. ಏಳನೇ ಪರೀಕ್ಷೆಯ ಪ್ರಶ್ನೆಗಳ ಹಿಂದೆ ಅಂಟಿಕೊಂಡಿದ್ದದ್ದು ಎಂಟನೇ ಪರೀಕ್ಷೆಯ ಉತ್ತರ. ಹಾಳೆಯ ಮೇಲೆ ಎಂಟು ಎಂಬ ಅಂಕಿ ಅಚ್ಚಾಗಿದೆ. ನಾನು ನೋಡಿರಲಿಲ್ಲ.

ಕಣ್ಣಿಗಿಂತ ಕಾಗದ ದೊಡ್ಡದು ಎಂದು ನಮ್ಮ ತಲೆಗೆ ತುಂಬಿದವರು ಯಾರು? ಬೇರೆಯವರ ಮೇಲೆ ಹಾಕಿ ಉಪಯೋಗವಿಲ್ಲ. ಅವಳ ಬಾಯಿ ಮುಚ್ಚಿಸಿದ್ದು ನಾನು. ಪ್ರಶ್ನೆಪತ್ರಿಕೆ ಮಾಡಿದವರು ಅದೇ ಗೈಡಿನಿಂದ ಅಕ್ಷರಶಃ ಎತ್ತಿದರು. ಅದನ್ನು ಮಾತ್ರ ಯಾರೂ ಕಾಪಿ ಅನ್ನಲಿಲ್ಲ.

ಗುಡುಗಿನ ಮುಂದೆ ತಪ್ಪೊಪ್ಪಿಕೊಂಡೆ. "ಹೋಗಲಿ ಬಿಡಕ್ಕ," ಅಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದು ಇದೇ ಮೊದಲು.

ಮಾರ್ಚ್ 15

ತುಂಡುಗಳನ್ನು ಸಾಹೇಬರ ಮೇಜಿನ ಮೇಲಿಟ್ಟು ವಿವರಿಸಿದೆ. ಬೆರಳ ತುದಿಯಲ್ಲಿ ಸರಿಸಿದರು. "ಕಥೆ ಚೆನ್ನಾಗಿದೆ. ಒಬ್ಬಳು ತೋರಿಸಿದಳು, ಏಳು ಜನ ಬರೆದರು. ತೋರಿಸಿದವಳ ಹೆಸರು ಚೀಟಿಯಲ್ಲಿ ಬರೆದುಕೊಡಿ. ಉಳಿದವರನ್ನು ಬಿಟ್ಟುಬಿಡ್ತೀನಿ. ನಾಳೆ ಹತ್ತು ಗಂಟೆ. ನಿಮ್ಮನಿಮ್ಮಲ್ಲಿ ಮಾತುಕತೆ ಬೇಡ."

ಮಾತುಕತೆ ಆಗಲಿಲ್ಲ. ಮೆಟ್ಟಿಲು ಒರೆಸುವಾಗ ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಯಾರ ಹೆಸರು ಎಂದು ಯೋಚಿಸುವ ಅಗತ್ಯ ನನಗಿಲ್ಲ. ಮಗಳಿಗೆ ಹೇಳಿದೆ. "ಇನ್ನೊಂದು ಸಲ ಬರೆಯೋಕಾಗಲ್ವಲ್ಲಮ್ಮ," ಅಂದಳು. ಆಗಲ್ಲ.

ಮಾರ್ಚ್ 16, 11.20, ಕಾರಿಡಾರ್

ನನ್ನ ಚೀಟಿಯಲ್ಲಿ ನನ್ನ ಹೆಸರು ಬರೆದು, ಮಡಚಿ ಕೊಟ್ಟೆ.

ಸಾಹೇಬರು ಎಂಟೂ ಚೀಟಿ ಬಿಚ್ಚಿ ಸಾಲಾಗಿ ಹರಡಿದರು. ಎಂಟು ಹೆಸರು. ಒಬ್ಬೊಬ್ಬಳೂ ತನ್ನದನ್ನೇ ಬರೆದಿದ್ದಳು. "ಏನಿದು?" ಎಂದು ಕೇಳಿದರು.

ಗುಡುಗು ಹೇಳಿದಳು: "ಈ ಸಲ ಒಂದಕ್ಕೊಂದು ತಾಳೆ ಇಲ್ಲ, ಸಾರ್. ಕಾಪಿ ಅನ್ನೋ ಹಾಗಿಲ್ಲ."

ನಗಬೇಕೋ ಬೈಯಬೇಕೋ ಗೊತ್ತಾಗದೆ ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅಂದರು — ಮರುಪರೀಕ್ಷೆ. ಈಗಲೇ. ಒಬ್ಬೊಬ್ಬರೇ ಒಳಗೆ, ಬಾಯಲ್ಲೇ ಉತ್ತರ. ಚೀಟಿಗಳನ್ನು ಎದುರಿಗಿಟ್ಟುಕೊಂಡಿದ್ದಾರೆ, ಅವುಗಳಲ್ಲಿರುವ ಹೆಸರು ನೋಡಿಯೇ ಕರೆಯುತ್ತಾರಂತೆ.

ಮೂವರು ಹೋಗಿ ಬಂದರು. ಮುಖ ಗೆಲುವಾಗಿದೆ. ಬಾಗಿಲು ತೆರೆಯಿತು... ನನ್ನದೇ ಹೆಸರು. ಹನ್ನೊಂದು ವರ್ಷ ಕರೆದದ್ದು ಏಯ್, ಇವಳೇ, ಪೊರಕೆ ಅಂತ. ಈ ಕಟ್ಟಡದೊಳಗೆ ಮೊದಲನೇ ಸಲ ಹೆಸರು ಹಿಡಿದು, ಪೂರ್ತಿ ಹೆಸರು, ಹೆಸರಿನ ಕೊನೆಗೆ ‘ಅವರೇ’ ಅಂತ ಮರ್ಯಾದೆ ಬೇರೆ —