ತಗ್ಗಿದ ಎಡಭುಜ

ಇಂಚಿಯೋನ್, ಶುಕ್ರವಾರ

ಅಪ್ಪನಿಗೆ,

ನಿಮ್ಮ ಹೋಲಿಕೆಯಲ್ಲಿ ನಾನು ಕೆತ್ತಿದ ಆ ಬೆರಳುದ್ದದ ಸೈನಿಕನ ಗೊಂಬೆ ಕೊನೆಗೂ ಮಾರಾಟಕ್ಕೆ ಬಂತು. ಕೊಂಡವರು ರೆಸಿನ್ ಪ್ಲಾಸ್ಟಿಕ್ಕಿನ ತುಂಡುಗಳನ್ನು ತಾವೇ ಅಂಟಿಸಿ ಬಣ್ಣ ಹಚ್ಚಿಕೊಳ್ಳಬೇಕು.

ಅಚ್ಚು ಹಾಕಿಸುವ ಮೊದಲು ಮೂಲಗೊಂಬೆಯನ್ನು ನಿಮಗೆ ತೋರಿಸಿದ್ದೆ. "ಎಡಭುಜ ಇನ್ನೂ ತಗ್ಗಬೇಕಮ್ಮಾ" ಅಂದಿರಿ. "ನಮ್ಮ ತುಕಡಿಯ ದಲ್‌ಸುನ ಅದರ ಮೇಲೇ ಹೊತ್ತು ತಂದೆ. ಶಿಬಿರ ಮುಟ್ಟೋ ಹೊತ್ತಿಗೆ ಹೋಗ್ಬಿಟ್ಟಿದ್ದ. ಹೇಗೆ ಹೋದ ಅಂತ ಅವನ ತಂಗಿಗೆ ಇವತ್ತಿಗೂ ಹೇಳಿಲ್ಲ." ವಿಯೆಟ್ನಾಂ ಯುದ್ಧದ ಬಗ್ಗೆ ನೀವು ನನ್ನೆದುರು ಆಡಿದ್ದು ಅಷ್ಟೇ. ನಾನು ಮುಂದೆ ಕೇಳಲಿಲ್ಲ, ಭುಜವನ್ನು ಮತ್ತೆ ಕೆತ್ತಿದೆ.

ಈಗ ಕೊಂಡವರು ಅದನ್ನೇ ತಪ್ಪು ಎನ್ನುತ್ತಿದ್ದಾರೆ. ನಮ್ಮ ಮಾಲೀಕರು, "ಮಿರಾನ್, ನೆಟ್ಟಗೆ ಮಾಡ್ಬಿಡು, ಸುಮ್ನೆ ಯಾಕೆ ರಗಳೆ?" ಎಂದರು. "ಆ ಮನುಷ್ಯ ಇರೋದೇ ಹಾಗೆ ಸಾರ್" ಎಂದೆ. ಅವರು ಅಚ್ಚನ್ನು ಹಾಗೇ ಬಿಟ್ಟರು.

ಒಂದನ್ನು ನಾನೇ ಜೋಡಿಸಿ ಬಣ್ಣ ಹಚ್ಚಿಟ್ಟಿದ್ದೇನೆ. ಅದು ದಲ್‌ಸು ಅವರ ತಂಗಿಗೆ. ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಅವರ ಊರು ಜಿಂಜುವಿಗೆ ಹೋಗೋಣ. ಮಂಡಿಗೆ ಪಟ್ಟಿ ಕಟ್ಟಿಕೊಳ್ಳಿ, ಅವರ ಮನೆಗೆ ಏರು ದಾರಿಯಂತೆ. ಬಾಗಿಲವರೆಗೆ ಗೊಂಬೆಯನ್ನು ನಾನು ಹಿಡಿದಿರುತ್ತೇನೆ. ಒಳಗೆ ಮಾತಾಡಬೇಕಾದವರು ನೀವು.

ನಿಮ್ಮ ಮಗಳು,
ಮಿರಾನ್