ಹಿಗ್ಗಿದ ಟೇಪು

ರೀ ಟೈಲರ್ ಸಾಹೇಬ್ರೇ,

ಮೈದಾನ ಸುತ್ತೋಕೆ ಹೋಗ್ತಿದ್ದೀನಿ. ನಿನ್ನೆ ಜಗಳದ ಸಿಟ್ಟು ಇಳೀಬೇಕಲ್ಲ! ಚಹಾ ಫ್ಲಾಸ್ಕಲ್ಲಿದೆ. ಸಕ್ಕರೆ ಡಬ್ಬ ಹುಡುಕ್ಬೇಡಿ, ಬಚ್ಚಿಟ್ಟಿದ್ದೀನಿ.

ನೀವು ಸಿಟ್ಟು ಬರಿಸಿದಾಗಲೆಲ್ಲ ನಡೆದು ನಡೆದು ಎರಡು ತಿಂಗಳಲ್ಲಿ ಐದು ಕೆಜಿ ಇಳಿದಿದ್ದೀನಿ. ನನ್ನ ಆಸ್ಪತ್ರೆ ಡ್ಯೂಟಿ ಕೋಟು ದೊಗಳೆ ಆಗಿದೆ, ಸೊಂಟದ ಹತ್ರ ಟೈಟ್ ಮಾಡಿ ಕೊಡಿ ಅಂದ್ರೆ, ಮೂರು ಸಲ ಅಳೆದು, "ನೀನು ಇಳಿದಿಲ್ಲ ಕಣೇ, ಟೇಪು ಹಿಗ್ಗಿದೆ" ಅಂದ್ರಲ್ಲ! ಊರವರ ಸೊಂಟವೆಲ್ಲ ಅಳೆದ ಟೇಪು ಹೆಂಡತಿ ಹತ್ರ ಬಂದಾಗ್ಲೇ ಹಿಗ್ಗಬೇಕಾ?

ಅಷ್ಟಕ್ಕೂ ಡಾಕ್ಟರು ನಡೀರಿ ಅಂದಿದ್ದು ನನಗಲ್ಲ, ನಿಮಗೆ. ನಿಮಗೋ ಏನಂದ್ರೂ ಸಿಟ್ಟು ಬರಲ್ಲ, ಮಷೀನು ಬಿಟ್ಟು ಏಳಲ್ಲ. ಅದಕ್ಕೇ ಟೇಪನ್ನ ನನ್ನ ಕೊರಳಿಗೆ ಹಾಕ್ಕೊಂಡು ಹೊರಟಿದ್ದೀನಿ. ಹತ್ತು ಗಂಟೆಗೆ ಗಿರಾಕಿ ಬರ್ತಾರೆ. ಈಗಲಾದ್ರೂ ಸಿಟ್ಟು ಬಂದ್ರೆ ಮೈದಾನಕ್ಕೆ ಬನ್ನಿ, ನನ್ನನ್ನ ಹಿಡಿದ್ರೆ ಟೇಪು ನಿಮ್ದು.

ಹಳೇ ಚಪ್ಪಲೀಲಿ ಓಡಿ ಬಿದ್ದೀರಿ, ಜೋಕೆ! ಬಾಗಿಲ ಹತ್ರ ಹೊಸ ಬೂಟು ಇಟ್ಟಿದ್ದೀನಿ. ನೀವು ಗೊರಕೆ ಹೊಡೀತಿದ್ದಾಗ ಅದೇ "ಹಿಗ್ಗಿದ" ಟೇಪಲ್ಲಿ ಪಾದ ಅಳೆದು ತಂದಿದ್ದು. ಸರಿಯಾಗಿ ಕೂತ್ರೆ, ಬರುವಾಗ ದಾರೀಲೇ ತಪ್ಪಾಯ್ತು ಅನ್ನೋದನ್ನ ಅಭ್ಯಾಸ ಮಾಡ್ಕೊಂಡು ಬನ್ನಿ.